ಹೆಬ್ಬಾಳ ಕುಡಿದ ಪೆಟ್ರೋಲು

ಆರ್.ಟಿ. ನಗರದ ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಅಡುಗೆ ಕಂಟ್ರಾಕ್ಟರ್ ಇದ್ದಾರೆ. ಹನ್ನೆರಡು ವರ್ಷ ದುಡಿದ ಓಮ್ನಿ ಮಾರಿ, ಸಾಲ ಮಾಡಿ ಹೊಸ ಪೆಟ್ರೋಲ್ ಪಿಕಪ್ ತಗೊಂಡ್ರು. ಓಮ್ನಿ ಹೊಸದಿದ್ದಾಗ ಲೀಟರಿಗೆ 16 ಕೊಡ್ತಿತ್ತಂತೆ. ಪಿಕಪ್ ಮೊದಲ ಎರಡು ತಿಂಗಳು 15 ಕೊಟ್ಟಿತು, ಆಮೇಲೆ 12ಕ್ಕೆ ಇಳೀತು. ಹೊಸ ಗಾಡಿ ತಾನೇ ಯಾಕೆ ಕುಡಿಯುತ್ತೆ? ಡ್ರೈವರ್ ಹುಡುಗ ಪೆಟ್ರೋಲ್ ಕದೀತಿದ್ದಾನೆ ಅಂತ ತೀರ್ಮಾನ ಆಯ್ತು. ಆ ತಿಂಗಳ ಸಂಬಳದಲ್ಲಿ ಸಾವಿರದ ಐನೂರು ಮುರಿದ್ರು.

ಹುಡುಗ ಬಂಕಿನ ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ನಮ್ಮ ಮನೆಗೆ ಬಂದ. "ಸಾರ್, ನೀವು ಕಂಪ್ಯೂಟರ್ ಕೆಲಸದವರು. ಲೆಕ್ಕ ಹಾಕಿ ಹೇಳಿ."

ಲೆಕ್ಕ ಹಾಕೋಕೆ ಕೂತ ನಾನು ಚರಿತ್ರೆಗೆ ಹೋಗಿ ಬಿದ್ದೆ.

ಮೊದಲು ಪದವನ್ನೇ ನೋಡಿ. ಮೈಲಿ ನಮ್ಮ ರಸ್ತೆ ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದ ಮೇಲೆ ಹಂತಹಂತವಾಗಿ ಮೈಲಿ ಕಿಲೋಮೀಟರ್ ಆಯ್ತು, ಗ್ಯಾಲನ್ ಲೀಟರ್ ಆಯ್ತು. ಅಜ್ಜಂದಿರ ಕಾಲದ "ಗ್ಯಾಲನ್ನಿಗೆ 30 ಮೈಲಿ" ಅಂದ್ರೆ ಈಗಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು ಹತ್ತೂವರೆ ಕಿ.ಮೀ. ಅಷ್ಟೇ. ಅಳತೆ ಹೋದ್ರೂ "ಮೈಲೇಜ್" ಉಳೀತು.

ಇನ್ನು ಪೆಟ್ರೋಲು. ಅದು ಯಾವಾಗಲೂ ಒಂದೇ ಥರ ಇರುತ್ತೆ ಅಂತ ನಾವು ನಂಬಿದ್ದೀವಿ. ಆದರೆ ಮೈಸೂರು ಸೀಮೆಯಲ್ಲೇ ಅದು ಬಹಳ ಸಲ ಬದಲಾಗಿದೆ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಯ್ತು, ಜೊತೆಗೆ ಅಲ್ಲಿನ ಎಣ್ಣೆ ಬಾವಿಗಳೂ ಹೋದವು. ಪೆಟ್ರೋಲಿಗೆ ರೇಷನ್ ಇದ್ದ ಆ ದಿನಗಳಲ್ಲಿ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ರು. ಇದ್ದಿಲನ್ನು ಅರೆಬರೆ ಉರಿಸಿದಾಗ ಬರೋ ಅನಿಲವೇ ಇಂಧನ. ಅದರಲ್ಲಿ ಅರ್ಧದಷ್ಟು ಉರಿಯದ ಸಾರಜನಕ. ಹಾಗಾಗಿ ಎಂಜಿನ್ನಿನ ಶಕ್ತಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅರ್ಧಕ್ಕರ್ಧ ಕುಸೀತಿತ್ತು. ಏರು ಬಂದ್ರೆ ಪ್ರಯಾಣಿಕರು ಇಳಿದು ತಳ್ಳಬೇಕು. ಆಗ ಯಾರೂ ಡ್ರೈವರನ್ನು ಬೈಯಲಿಲ್ಲ, ಒಲೆ ಕಣ್ಣೆದುರಿಗೇ ಇತ್ತಲ್ಲ!

ಇನ್ನೊಂದು ದಾರಿ ಮಂಡ್ಯದ್ದು. ಕನ್ನಂಬಾಡಿಯ ನಾಲೆ ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಯಿಂದ ಮದ್ಯಸಾರ ಇಳಿಸಿ, ನೀರಿನಂಶ ಪೂರಾ ತೆಗೆದ್ರೆ ಅದು "ಪವರ್ ಆಲ್ಕೋಹಾಲ್". ಯುದ್ಧದ ಕಾಲದಲ್ಲಿ ಮೈಸೂರಿನ ಮೋಟಾರುಗಳು ಇದನ್ನು ಬೆರೆಸಿದ ಪೆಟ್ರೋಲನ್ನೂ ಕುಡಿದಿವೆ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತದ ಪವರ್ ಆಲ್ಕೋಹಾಲ್ ಕಾಯ್ದೆ ಬಂತು. ಅದು ರದ್ದಾಗಿದ್ದು 2000ದಲ್ಲಿ. ತಮಾಷೆ ನೋಡಿ, ಮೂರೇ ವರ್ಷಕ್ಕೆ, 2003ರಲ್ಲಿ, ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ 5% ಎಥನಾಲ್ ಬೆರೆಸುವ ಯೋಜನೆ ಶುರುವಾಯ್ತು. 2022ರ ಜೂನ್ ಹೊತ್ತಿಗೆ ದೇಶದಲ್ಲಿ 10% ಮುಟ್ಟಿತು. 20% ಬೆರೆಸಿದ ಇ20 ಪೆಟ್ರೋಲು 2023ರ ಫೆಬ್ರವರಿ 6ರಂದು 84 ಬಂಕುಗಳಲ್ಲಿ ಬಿಡುಗಡೆಯಾಯ್ತು. ಸಮಾರಂಭ ನಡೆದದ್ದು ನಮ್ಮೂರಲ್ಲೇ, ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಸಿಗೋ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ.

ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇರುತ್ತೆ. 20% ಬೆರೆಸಿದ್ರೆ ಲೀಟರಿನ ಶಕ್ತಿ ಆರೇಳು ಪರ್ಸೆಂಟ್ ಕಮ್ಮಿ. ಹೊಂದಿಸಿ ಕಟ್ಟಿದ ಎಂಜಿನ್ನಿನಲ್ಲಿ ಒಂದಷ್ಟು ನಷ್ಟ ತುಂಬಿಕೊಳ್ಳಬಹುದು. ನೀತಿ ಆಯೋಗದ 2021ರ ವರದಿ ಅಂಥ ಕಾರುಗಳಿಗೆ 1-2% ನಷ್ಟ ಅಂದಿದೆ, ಹಳೇ ವಿನ್ಯಾಸದವಕ್ಕೆ 6-7%. ಓಮ್ನಿಯ 16 ಹನ್ನೆರಡು ವರ್ಷದ ಹಿಂದಿನ ಪೆಟ್ರೋಲಿನದು, ಆಗ ಎಥನಾಲ್ ಬೆರೆಸಿದ್ರೂ 5%ರ ಆಸುಪಾಸು. ಹೊಸ ಗಾಡಿ ಬೇರೆ, ತೂಕ ಬೇರೆ, ಪೆಟ್ರೋಲೂ ಬೇರೆ. 16 ಇದ್ದದ್ದು 15 ಆಗಿದ್ರಲ್ಲಿ ಆಶ್ಚರ್ಯ ಇಲ್ಲ.

ಆದರೆ 15 ಯಾಕೆ 12 ಆಯ್ತು? ಇಲ್ಲಿ ಎಥನಾಲನ್ನು ಬೈಯೋ ಹಾಗಿಲ್ಲ. ಎರಡೂ ಅವಧಿಯಲ್ಲಿ ಅದೇ ಬಂಕು, ಅದೇ ಪೆಟ್ರೋಲು. ಹುಡುಗನನ್ನು ಕೇಳಿದೆ, "ಮೂರನೇ ತಿಂಗಳಲ್ಲಿ ಏನು ಬದಲಾಯ್ತು?" ಟೈಮು, ಅಂದ. ಮೊದಲು ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಬೆಳಕು ಹರಿಯೋದ್ರೊಳಗೆ ಎಲ್ಲಾ ಮುಗಿಸಿ ವಾಪಸ್. ಈಗ ಯಲಹಂಕ ಕಡೆಯ ಆಫೀಸೊಂದಕ್ಕೆ ತಿಂಡಿ ಕಂಟ್ರಾಕ್ಟ್. ಎಂಟೂವರೆಗೆ ಹೆಬ್ಬಾಳ, ಹತ್ತಕ್ಕೆ ಮತ್ತೆ ಹೆಬ್ಬಾಳ.

ಹೆಬ್ಬಾಳದ ಫ್ಲೈಓವರ್ ತೆರೆದದ್ದು 2003ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಬಳ್ಳಾರಿ ರಸ್ತೆ ಏರ್‌ಪೋರ್ಟ್ ರಸ್ತೆ ಆಯ್ತು. ಐದು ವರ್ಷ ಹಿಂದಿನ ಸೇತುವೆಯ ಮೇಲೆ ಹೊಸ ಊರೇ ಬಂದು ನಿಂತಿತು. ಹೌದು, ನಿಂತಿತು, ಅದೇ ಸರಿಯಾದ ಪದ.

ಈಗ ಲೆಕ್ಕ. ನಿಂತಲ್ಲೇ ಓಡೋ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತೆ. ದಿನಕ್ಕೆ 40 ಕಿ.ಮೀ. ಓಡಾಟ, 15ರ ಲೆಕ್ಕದಲ್ಲಿ 2.67 ಲೀಟರ್. ಹೋಗ್ತಾ ಬರ್ತಾ ನಿಂತದ್ದು ಒಟ್ಟು ಒಂದು ಗಂಟೆ, ಅದಕ್ಕೆ 0.6 ಲೀಟರ್. ಒಟ್ಟು 3.27. ನಲವತ್ತನ್ನು ಅದರಿಂದ ಭಾಗಿಸಿ. ಲೀಟರಿಗೆ 12.2.

ಕಾಗದದ ಲೆಕ್ಕ ಸಾಲದು ಅಂತ ಒಂದು ಭಾನುವಾರ ಬೆಳಗಿನ ಜಾವ ಟ್ಯಾಂಕ್ ತುಂಬಿಸಿ, ಅದೇ ದಾರಿಯಲ್ಲಿ ಮೂವರೂ ಹೋಗಿ ಬಂದು, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿದ್ವಿ. ಒಂದೇ ಸಲದ ಅಳತೆ ಪೂರಾ ನಂಬೋ ಹಾಗಿಲ್ಲ, ನಾಲ್ಕೈದು ಸಲದ ಸರಾಸರಿ ಬೇಕು. ಆದರೂ 14.8 ಬಂತು. ಕಂಟ್ರಾಕ್ಟರ್ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದ್ರು. ಏನೂ ಹೇಳಲಿಲ್ಲ.

ಮುಂದಿನ ತಿಂಗಳ ಸಂಬಳದಲ್ಲಿ ಸಾವಿರದ ಐನೂರು ಜಾಸ್ತಿ ಇತ್ತಂತೆ, "ಹಬ್ಬದ ಖರ್ಚಿಗೆ" ಅಂತ. ತಪ್ಪಾಯ್ತು ಅನ್ನೋ ಮಾತು ಬರಲಿಲ್ಲ. ಹುಡುಗ ಈಗಲೂ ಬಿಲ್ಲು ಬಿಸಾಡಲ್ಲ. ಹಿಂದುಗಡೆ ಪೆನ್ನಲ್ಲಿ ಬರೆದಿಡ್ತಾನೆ: ಹೆಬ್ಬಾಳ, 35 ನಿಮಿಷ.