ಬೆರಳಗುರುತು ಮತ್ತು ಕಾಯಕಜೀವಿಯ ಮಾನ

ಕಾಯಕವೆಂದರೆ ಬಾಯಿ ಮುಚ್ಚಿ ದುಡಿಯುವುದೆಂದು ಅರ್ಥ ಹೇಳುವವರುಂಟು. ಶರಣರ ದೃಷ್ಟಿಯಲ್ಲಿ ದುಡಿಮೆಯಷ್ಟೇ ದುಡಿಯುವವನ ಮಾನವೂ ದೊಡ್ಡದು. ನಮ್ಮ ಮೂಗೂರು ಸೀಮೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ, 1930ರ ಏಪ್ರಿಲಿನಲ್ಲಿ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಈ ಮಾನಕ್ಕಾಗಿಯೇ ಕೆಲಸ ನಿಲ್ಲಿಸಿದರು. ಬೆರಳಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಿತ್ತು. ಅಪರಾಧಿಗಳಿಂದ ಪಡೆಯುವ ಗುರುತನ್ನು ದುಡಿದು ಉಣ್ಣುವವರೇಕೆ ಕೊಡಬೇಕು? ಬೆನ್ನಿಗೆ ಕಾರ್ಮಿಕ ಸಂಘವಿರಲಿಲ್ಲ. ಆದರೂ 21 ದಿನ ಒಗ್ಗಟ್ಟು ಮುರಿಯಲಿಲ್ಲ. ಕೂಲಿಯಿಂದಲೇ ಒಲೆ ಉರಿಯುವ ಮನೆಗಳಲ್ಲಿ 21 ದಿನವೆಂದರೆ ಸಾಮಾನ್ಯವೇ! ಕೊನೆಗೆ ಆ ನಿಯಮವನ್ನು ಹಿಂತೆಗೆದುಕೊಳ್ಳಬೇಕಾಯಿತು. ಆದರೆ ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಮನ್ನಣೆಯೂ ವಿವಾದಗಳಿಗೆ ಸಂಧಾನದ ಮಾರ್ಗವೂ ಶಾಸನಬದ್ಧವಾಗಿ ದೊರೆತದ್ದು 1942ರ ಮೈಸೂರು ಕಾರ್ಮಿಕ ಕಾಯಿದೆಯಿಂದ. ಅಷ್ಟರಲ್ಲಿ 12 ವರ್ಷಗಳು ಕಳೆದಿದ್ದವು.