ಕೊಂಬಿನ ಗೊಬ್ಬರ, ಮೈಲುತುತ್ತಿನ ಋಣ

2014ರ ಫೆಬ್ರವರಿ 24ರಂದು ಫ್ರಾನ್ಸಿನ ದಿಜೋನ್ ನಗರದ ನ್ಯಾಯಾಲಯದಲ್ಲಿ ಎಮ್ಯಾನ್ಯುಯೆಲ್ ಜಿಬುಲೋ ಎಂಬ ದ್ರಾಕ್ಷಿ ಬೆಳೆಗಾರ ಆರೋಪಿಯಾಗಿ ನಿಂತಿದ್ದ. ಬರ್ಗಂಡಿಯ ಬೋನ್ ಪಟ್ಟಣದ ಸುತ್ತ ಅವನದು ಸುಮಾರು ಹತ್ತು ಹೆಕ್ಟೇರ್ ತೋಟ. ಅವನು ಮಾಡಿದ ತಪ್ಪು, ಔಷಧಿ ಹೊಡೆಯದೇ ಇದ್ದದ್ದು. ಜಿಗಿಹುಳುವಿನಿಂದ ಹರಡಿ ಬಳ್ಳಿಯನ್ನೇ ಕೊಲ್ಲುವ ರೋಗವೊಂದರ ಭಯದಿಂದ 2013ರಲ್ಲಿ ಜಿಲ್ಲಾಡಳಿತ ಎಲ್ಲ ತೋಟಗಳಿಗೂ ಕೀಟನಾಶಕವನ್ನು ಕಡ್ಡಾಯ ಮಾಡಿತ್ತು. ಸಾವಯವ ಕೃಷಿಗೆ ಒಪ್ಪಿಗೆಯಾದ ಔಷಧಿ ಕೂಡ ಒಳ್ಳೆಯ ಹುಳುಗಳನ್ನು ಕೊಲ್ಲುತ್ತದೆ ಎಂಬುದು ಜಿಬುಲೋ ವಾದ. ಏಪ್ರಿಲ್‌ನಲ್ಲಿ 1000 ಯೂರೋ ದಂಡ ಬಿತ್ತು, ಅದರಲ್ಲಿ ಅರ್ಧ ಅಮಾನತಿನಲ್ಲಿ. ಡಿಸೆಂಬರಿನಲ್ಲಿ ಮೇಲಿನ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು.

ಪತ್ರಿಕೆಗಳಿಗೆ ಅವನು ವೀರ. ನನಗೆ ಮಾತ್ರ ಪಕ್ಕದ ತೋಟದವನ ಭಯವೂ ಅರ್ಥವಾಗುತ್ತದೆ. ಹುಳು ಬೇಲಿ ನೋಡುವುದಿಲ್ಲ. ಆದರೂ ಒಬ್ಬ ರೈತ ಜೈಲಿನ ಮಾತು ಬಂದರೂ ಜಗ್ಗದೆ ನಿಲ್ಲುವಂತೆ ಮಾಡಿದ ಕೃಷಿ ಯಾವುದು, ಅಂಥ ತೋಟದಲ್ಲಿ ವರ್ಷವಿಡೀ ಏನು ನಡೆಯುತ್ತದೆ ಎಂಬ ಕುತೂಹಲ ಹುಟ್ಟಿತು. ಅದರ ಹೆಸರು ಬಯೋಡೈನಾಮಿಕ್.

ಇದರ ಹುಟ್ಟು ದ್ರಾಕ್ಷಿ ತೋಟದಲ್ಲಿ ಅಲ್ಲ. 1924ರ ಜೂನ್‌ನಲ್ಲಿ, ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿಗೆ ಸೇರಿದ ಕೋಬರ್ವಿಟ್ಸ್ ಎಂಬಲ್ಲಿ ಒಬ್ಬ ಜಮೀನ್ದಾರನ ಮನೆಯಲ್ಲಿ ರುಡಾಲ್ಫ್ ಸ್ಟೈನರ್ ಎಂಟು ಉಪನ್ಯಾಸ ಕೊಟ್ಟರು. ಮಣ್ಣು ಸೊರಗುತ್ತಿದೆ, ಬೀಜ ಜೊಳ್ಳಾಗುತ್ತಿದೆ ಎಂದು ರೈತರೇ ಅವರನ್ನು ಕೇಳಿಕೊಂಡಿದ್ದರು. ಹತ್ತು ತಿಂಗಳೊಳಗೆ, 1925ರ ಮಾರ್ಚ್ 30ರಂದು, ಸ್ಟೈನರ್ ತೀರಿಕೊಂಡರು. ಮದ್ಯಪಾನವನ್ನು ಅವರು ಒಪ್ಪುತ್ತಿರಲಿಲ್ಲ. ಅವರ ಕೃಷಿಗೆ ಜಗತ್ತಿನಲ್ಲಿ ಹೆಚ್ಚು ಹೆಸರು ತಂದವರು ಮಾತ್ರ ವೈನ್ ತಯಾರಕರು!

ಇನ್ನು ಬರ್ಗಂಡಿಯ ವರ್ಷಕ್ಕೆ ಬರೋಣ. ಸೆಪ್ಟೆಂಬರ್ ಕೊನೆಗೆ, ಸಂತ ಮೈಕೇಲನ ಹಬ್ಬದ ಆಸುಪಾಸಿನಲ್ಲಿ, ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂಳುತ್ತಾರೆ. ಚಳಿಗಾಲವೆಲ್ಲ ಅದು ಮಣ್ಣಿನಲ್ಲಿರುತ್ತದೆ. ಆ ಹೊತ್ತಿಗೆ ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ ಆಗಿರುತ್ತದೆ. ಎಲೆ ಉದುರಿದ ಮೇಲೆ ಸವರುವ ಕೆಲಸ. ಹಳೆಯ ಪದ್ಧತಿಯವರು ಬೆಳೆಗಾರರ ಕುಲದೈವದಂತಿರುವ ಸಂತ ವಿನ್ಸೆಂಟನ ಹಬ್ಬ, ಅಂದರೆ ಜನವರಿ 22, ಕಳೆದ ಮೇಲೆ ಕತ್ತರಿ ಹಿಡಿಯುತ್ತಿದ್ದರು. ಇಲ್ಲಿ ಹೆಕ್ಟೇರಿಗೆ ಸುಮಾರು 10,000 ಬಳ್ಳಿ. ಪ್ರತಿ ಬಳ್ಳಿಯ ಮುಂದೆ ಬಗ್ಗಿ, ಈ ವರ್ಷ ಹಣ್ಣು ಕೊಡುವ ಕಡ್ಡಿ ಯಾವುದು, ಬರುವ ವರ್ಷಕ್ಕೆ ಉಳಿಸುವ ಮೊಗ್ಗು ಯಾವುದು ಎಂದು ನಿರ್ಧರಿಸಬೇಕು. ಕೊರೆಯುವ ಚಳಿಯಲ್ಲಿ ಹತ್ತು ಸಾವಿರ ತೀರ್ಮಾನಗಳು. ನಮ್ಮ ಪ್ರಾಜೆಕ್ಟುಗಳಲ್ಲಿ ತಪ್ಪಾದರೆ ಮುಂದಿನ ವಾರ ಸರಿಪಡಿಸಬಹುದು. ಇಲ್ಲಿ ಮುಂದಿನ ವರ್ಷದವರೆಗೆ ಕಾಯಬೇಕು.

ವಸಂತದಲ್ಲಿ ಕೊಂಬನ್ನು ಅಗೆದರೆ ಸಗಣಿಯ ವಾಸನೆ ಹೋಗಿ ಕಾಡಿನ ಮಣ್ಣಿನ ವಾಸನೆ ಬಂದಿರುತ್ತದೆ. ಅದಕ್ಕೆ ಇಟ್ಟ ಹೆಸರು ‘500’. ಹೆಕ್ಟೇರಿಗೆ ಸುಮಾರು 100 ಗ್ರಾಂ ಸಾಕು. 30-40 ಲೀಟರ್ ನೀರಿಗೆ ಹಾಕಿ, ಸುಳಿ ಏಳುವಂತೆ ಒಂದು ದಿಕ್ಕಿಗೆ, ಮತ್ತೆ ತಿರುಗಿಸಿ ಇನ್ನೊಂದು ದಿಕ್ಕಿಗೆ, ಒಂದು ಗಂಟೆ ಕಲಕಿ ಸಂಜೆ ಮಣ್ಣಿಗೆ ಚಿಮುಕಿಸುತ್ತಾರೆ. ಬೆಣಚುಕಲ್ಲಿನ ಪುಡಿಯನ್ನು ಬೇಸಿಗೆಯಲ್ಲಿ ಕೊಂಬಿನಲ್ಲಿ ಹೂತು ಮಾಡುವ ‘501’ ಎಲೆಗಳಿಗೆ, ಬೆಳಗಿನ ಹೊತ್ತು. ಯಾವ ದಿನ ಎಂಬುದನ್ನು ಮರಿಯಾ ಥುನ್ ಎಂಬ ಜರ್ಮನ್ ಮಹಿಳೆಯ ಕ್ಯಾಲೆಂಡರ್ ಹೇಳುತ್ತದೆ. ಚಂದ್ರ ಯಾವ ನಕ್ಷತ್ರಪುಂಜದಲ್ಲಿದ್ದಾನೆ ಎಂದು ನೋಡಿ ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ ಎಂದು ವಿಂಗಡಣೆ. ‘ಇದೆಲ್ಲ ನಮ್ಮ ಪಂಚಾಂಗದಲ್ಲೇ ಇತ್ತಲ್ಲ’ ಎನ್ನುವ ಆತುರ ಬೇಡ. ನಮ್ಮ ಅಜ್ಜಂದಿರ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ, ಕಣ್ಣಿಗೆ ಕಾಣುವ ಋತುವಿನ ಲೆಕ್ಕ. ಥುನ್ ಅವರದು ಬೇರೆಯೇ ದಾರಿ.

ಇದರಿಂದ ಉಪಯೋಗವಿದೆಯೇ? ಕ್ಯಾಲಿಫೋರ್ನಿಯಾದ ಒಂದು ದ್ರಾಕ್ಷಿ ತೋಟದಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಸಾವಯವದ ಮಣ್ಣಿಗೂ ಬಯೋಡೈನಾಮಿಕ್ ಮಣ್ಣಿಗೂ ವ್ಯತ್ಯಾಸ ಸಿಗಲಿಲ್ಲ. ಕೊಂಬಿಗಿಂತ, ಕೊಂಬಿನ ನೆಪದಲ್ಲಿ ಮನುಷ್ಯ ಮತ್ತೆ ಮತ್ತೆ ತೋಟಕ್ಕೆ ಹೋಗುವುದೇ ಕೆಲಸ ಮಾಡುತ್ತದೆ ಎಂದು ನನ್ನ ಅನಿಸಿಕೆ. 1988ರಲ್ಲಿ ಲಾಲು ಬೀಜ್-ಲೆರುವಾ, ನಂತರದ ದಶಕದಲ್ಲಿ ಆನ್-ಕ್ಲೋದ್ ಲೆಫ್ಲೇವ್ ಅವರಂಥ ಬರ್ಗಂಡಿಯ ದೊಡ್ಡ ಹೆಸರುಗಳು ಈ ಕಡೆ ಹೊರಳಿದವು. ದಶಕಗಟ್ಟಲೆ ಕಳೆನಾಶಕ ಕುಡಿದು ಸತ್ತಂತಿದ್ದ ಮಣ್ಣಿಗೆ ಆ ಓಡಾಟ ಬೇಕಾಗಿತ್ತು.

ಈ ವರ್ಷಚಕ್ರ ಅನಾದಿಯದು ಎಂದುಕೊಂಡರೆ ಮೋಸಹೋಗುತ್ತೇವೆ. ಚಿತ್ರಗಳಲ್ಲಿ ಕಾಣುವ ನೇರ ಸಾಲುಗಳು, ಅವುಗಳ ನಡುವೆ ಉಳುವ ಕುದುರೆ, ಬಹುಮಟ್ಟಿಗೆ 19ನೇ ಶತಮಾನದ ಕೊನೆಯವು. ಅದಕ್ಕೂ ಮುಂಚೆ ಬಳ್ಳಿಗಳು ಸಾಲಿಲ್ಲದೆ ಒತ್ತೊತ್ತಾಗಿ ಬೆಳೆಯುತ್ತಿದ್ದವು. ಮುದಿ ಬಳ್ಳಿಯ ಕಡ್ಡಿಯನ್ನೇ ಬಗ್ಗಿಸಿ ಮಣ್ಣಲ್ಲಿ ಹೂತರೆ ಹೊಸ ಗಿಡ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನು ಬೇರುಗಳನ್ನು ತಿಂದುಹಾಕಿತು. ಅಮೆರಿಕದ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಿದ ಮೇಲೆಯೇ ಉಳಿಗಾಲ. ಆಗ ಸಾಲುಗಳು ಬಂದವು.

ಅಮೆರಿಕದ ಗಿಡಗಳ ಜೊತೆಗೆ ಇನ್ನೊಂದು ಅತಿಥಿಯೂ ಬಂತು, 1878ರಲ್ಲಿ. ವಿಜಯಪುರ, ನಾಸಿಕದ ದ್ರಾಕ್ಷಿಯವರು ‘ಡೌನಿ’ ಎನ್ನುವ ರೋಗ ಅದು. 1882ರಲ್ಲಿ ಬೋರ್ಡೋ ಬಳಿಯ ಮೆದೋಕ್‌ನಲ್ಲಿ ಪ್ರೊಫೆಸರ್ ಮಿಯಾರ್ದೆ ನಡೆದುಹೋಗುತ್ತಿದ್ದಾಗ ರಸ್ತೆ ಪಕ್ಕದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದು ಕಂಡಿತು. ದಾರಿಹೋಕರು ಹಣ್ಣು ಕದಿಯಬಾರದೆಂದು ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರಂತೆ. 1885ರಲ್ಲಿ ಅವರು ಪ್ರಕಟಿಸಿದ್ದೇ ಬೋರ್ಡೋ ದ್ರಾವಣ.

ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಅಡಿಕೆಯ ಕೊಳೆರೋಗದ ಜೀವಿ ಈ ಡೌನಿಯ ದೂರದ ದಾಯಾದಿ. ಕೊನೆಗೆ ಕೊಟ್ಟೆ ಕಟ್ಟಿ ಕಾಯುತ್ತಿದ್ದ ಕಾಲದಲ್ಲಿ, ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಬರೆದು ಬೋರ್ಡೋ ಹೊಡೆಯುವುದನ್ನು ಕಲಿಸಿದರು. ಮಳೆಗಾಲದಲ್ಲಿ ಕೊನೆಗೌಡನ ಅಂಗಿಯ ಮೇಲಿದ್ದ ಆ ನೀಲಿ ಕಲೆ ಊರು ಬಿಟ್ಟು ಇಪ್ಪತ್ತು ವರ್ಷವಾದರೂ ನನ್ನ ಕಣ್ಣಲ್ಲಿದೆ.

ಚಂದ್ರನ ದಿನ ನೋಡುವ ಬರ್ಗಂಡಿಯವನೂ ಮೇ, ಜೂನ್‌ನಲ್ಲಿ ಮಳೆ ಬಂದರೆ ಇದನ್ನೇ ಹೊಡೆಯುತ್ತಾನೆ. ಬೇರೆ ದಾರಿಯಿಲ್ಲ. ನೆಟಲ್ ಸೊಪ್ಪಿನ ಕಷಾಯ ಜೊತೆಗಿರುತ್ತದೆ, ಆದರೆ ಬೆಳೆ ಉಳಿಸುವುದು ತಾಮ್ರ. ಮಳೆ ತೊಳೆದರೆ ಮತ್ತೆ ಹೊಡೆಯಬೇಕು. ತಾಮ್ರವೋ ಮಣ್ಣಿನಲ್ಲಿ ಕರಗಿಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಎರೆಹುಳುವಿಗೆ ಅದು ವಿಷ. 2019ರಿಂದ ಯುರೋಪಿನ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ಬಯೋಡೈನಾಮಿಕ್ ಪ್ರಮಾಣಪತ್ರ ಕೊಡುವ ಡಿಮೀಟರ್‌ನ ಮಿತಿ ವರ್ಷಕ್ಕೆ ಸರಾಸರಿ 3 ಕೆ.ಜಿ. ಮಣ್ಣನ್ನು ಬದುಕಿಸಲು ಹೊರಟವರ ಕೈಯಲ್ಲೇ ಈ ಸಾಲ ಬೆಳೆಯುತ್ತಿದೆ. ಜಿಬುಲೋನ ಮೊಕದ್ದಮೆಯಷ್ಟು ಇದು ಸುದ್ದಿಯಾಗುವುದಿಲ್ಲ.

ಜೂನ್‌ನಲ್ಲಿ ಹೂ ಬಿಟ್ಟ ನೂರು ದಿನಕ್ಕೆ ಕೊಯ್ಲು ಎಂಬುದು ಅಲ್ಲಿನ ಹಳೆಯ ಲೆಕ್ಕ. ಬೋನ್‌ನಲ್ಲಿ 1354ರಿಂದ ಕೊಯ್ಲಿನ ದಿನಾಂಕಗಳ ದಾಖಲೆಯಿದೆ. 2018ರವರೆಗಿನ 664 ವರ್ಷಗಳ ಪಟ್ಟಿಯನ್ನು ಇತಿಹಾಸಕಾರರು ಜೋಡಿಸಿದ್ದಾರೆ. 1987ರವರೆಗೆ ಸರಾಸರಿ ದಿನ ಸೆಪ್ಟೆಂಬರ್ 28. 1988ರಿಂದೀಚೆಗೆ ಅದು 13 ದಿನ ಮುಂಚೆ ಬಂದಿದೆ. ಮೊಗ್ಗೂ ಬೇಗ ಒಡೆಯುತ್ತದೆ. 2021ರ ಏಪ್ರಿಲ್ ಮೊದಲ ವಾರದ ಹಿಮಕ್ಕೆ ಎಳೆ ಚಿಗುರು ಸಿಕ್ಕಿಬಿದ್ದಾಗ ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ದೀಪ ಉರಿಸಿದರು. ಅಷ್ಟಾದರೂ ಬಹಳಷ್ಟು ಚಿಗುರು ಸುಟ್ಟುಹೋಯಿತು. 2020ರಲ್ಲಿ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು. ಸಂತ ಮೈಕೇಲನ ಹಬ್ಬಕ್ಕೆ ಕೊಂಬು ಹೂಳಲು ಹೋದವರ ಎದುರಿಗೆ, ಹಿಂದಿನವರು ಆಗಷ್ಟೇ ಹಣ್ಣು ಕೊಯ್ಯುತ್ತಿದ್ದ ದಿನಗಳಲ್ಲಿ, ಬಳ್ಳಿಗಳು ಖಾಲಿಯಾಗಿ ನಿಂತಿದ್ದವು.