ತೂಕ ಇಳಿಸುವ ಪಥ್ಯಗಳು: ಒಂದೂವರೆ ಶತಮಾನದ ಪ್ರಯೋಗ

ಮೈ ಕರಗಿಸಲು ಊಟಕ್ಕೆ ಕಟ್ಟುಪಾಡು ಹಾಕುವುದು ಹೊಸದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲನನ್ನು ನಿಂದ್ಯರೆನಿಸಿದ ಎಂಟು ಬಗೆಯವರಲ್ಲಿ ಸೇರಿಸಿ, ಜೀರ್ಣಕ್ಕೆ ಭಾರವಾಗಿದ್ದೂ ಮೈಗೆ ಪುಷ್ಟಿ ಕೊಡದ ಆಹಾರವನ್ನು ಅವನಿಗೆ ವಿಧಿಸುತ್ತದೆ. ಜವೆಗೋಧಿ, ಹಾರಕ, ಹೆಸರು, ಹುರುಳಿ ಅದರ ಪಟ್ಟಿಯಲ್ಲಿವೆ. ಆದರೆ ಇಂಥ ಪಥ್ಯ ವೈದ್ಯರ ಕೈದಾಟಿ, ಜನಸಾಮಾನ್ಯರು ಪುಸ್ತಕ ಓದಿ ತಮ್ಮ ಮೇಲೆ ತಾವೇ ಪ್ರಯೋಗಿಸಿಕೊಳ್ಳುವ ಗೀಳಾಗಿ ಹಬ್ಬಿದ್ದು 19ನೆಯ ಶತಮಾನದ ಲಂಡನ್‌ನಲ್ಲಿ.

ಅದಕ್ಕೆ ಕಾರಣರಾದವರು ವಿಲಿಯಂ ಬ್ಯಾಂಟಿಂಗ್. ರಾಜಮನೆತನದ ಅಂತ್ಯಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸಂಸ್ಥೆ ಅವರ ಕುಟುಂಬದ್ದು. 1862ರಲ್ಲಿ ಅವರ ಎತ್ತರ 5 ಅಡಿ 5 ಅಂಗುಲ, ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೋ. ಬಗ್ಗಿ ಬೂಟಿನ ಲಾಡಿ ಕಟ್ಟಲಾಗುತ್ತಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಿತ್ತು. ಬೆಳಗಿನ ಜಾವ ಥೇಮ್ಸ್ ನದಿಯಲ್ಲಿ ದೋಣಿಗೆ ಹುಟ್ಟು ಹಾಕಿ ನೋಡಿದರು. ಹಸಿವು ಕೆರಳಿತು, ತೂಕವೂ ಏರಿತು. ಸಮುದ್ರಸ್ನಾನ, ಹಬೆಸ್ನಾನ, ಖನಿಜಜಲ ಯಾವುದೂ ಫಲ ಕೊಡಲಿಲ್ಲ. ಕೊನೆಗೆ ಕಿವಿ ಮಂದವಾಯಿತೆಂದು ಶಸ್ತ್ರವೈದ್ಯ ವಿಲಿಯಂ ಹಾರ್ವಿಯವರ ಬಳಿ ಹೋದರು.

ಹಾರ್ವಿ ಪ್ಯಾರಿಸ್‌ನಲ್ಲಿ ಕ್ಲೋಡ್ ಬರ್ನಾರ್ಡ್ ಅವರ ಉಪನ್ಯಾಸ ಕೇಳಿ ಬಂದಿದ್ದರು. ಪಿತ್ತಜನಕಾಂಗ ಸಕ್ಕರೆಯನ್ನು ತಯಾರಿಸುತ್ತದೆ ಎಂಬುದು ಬರ್ನಾರ್ಡ್ ಅವರ ಶೋಧ. ಸಕ್ಕರೆ, ಪಿಷ್ಟ ಬಿಟ್ಟರೆ ಮಧುಮೇಹಕ್ಕೆ ಹಿತವೆಂದಾದರೆ ಬೊಜ್ಜಿಗೂ ಹಿತವಾಗಬೇಕೆಂದು ಹಾರ್ವಿ ಊಹಿಸಿದರು. ತರ್ಕ ಅರೆಬೆಂದದ್ದು, ಫಲ ಮಾತ್ರ ಎದ್ದು ಕಂಡಿತು. ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗೆಡ್ಡೆ ಬಹುಮಟ್ಟಿಗೆ ನಿಷಿದ್ಧವಾದವು. ಬೆಳಿಗ್ಗೆ ನಾಲ್ಕೈದು ಔನ್ಸ್ ಮಾಂಸ ಇಲ್ಲವೆ ಮೀನು, ಹಾಲು–ಸಕ್ಕರೆ ಇಲ್ಲದ ಚಹಾ, ಒಂದು ಔನ್ಸ್ ಒಣ ಟೋಸ್ಟ್; ಮಧ್ಯಾಹ್ನ ಮತ್ತೆ ಮೀನು, ಮಾಂಸ, ತರಕಾರಿ. ಇದನ್ನು ಕಠಿಣ ವ್ರತವೆಂದು ಭಾವಿಸಬೇಕಿಲ್ಲ, ಊಟದ ಜೊತೆಗೆ ಎರಡು ಮೂರು ಗ್ಲಾಸ್ ವೈನ್‌ಗೆ ಅನುಮತಿಯಿತ್ತು! ಒಂದು ವರ್ಷದ ಆಸುಪಾಸಿನಲ್ಲಿ 46 ಪೌಂಡ್ ಇಳಿಯಿತು. ಬ್ಯಾಂಟಿಂಗ್ 1863ರಲ್ಲಿ ಈ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿ, ಮೊದಮೊದಲು ಉಚಿತವಾಗಿಯೇ ಹಂಚಿದರು. ವೈದ್ಯರಲ್ಲದವರು ವೈದ್ಯ ಹೇಳಿದರೆಂದು ಹಲವು ವೈದ್ಯರು ಸಿಡಿಮಿಡಿಗೊಂಡರು. ಬ್ಯಾಂಟಿಂಗ್ 81 ವರ್ಷ ಬದುಕಿದರು.

ಮುಂದಿನ ತಿರುವು ಅಳತೆಯದು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ 1890ರ ದಶಕದಲ್ಲಿ ಮನುಷ್ಯನೊಬ್ಬ ದಿನಗಟ್ಟಲೆ ಇರಬಹುದಾದ ಮುಚ್ಚಿದ ಕೋಣೆ ಕಟ್ಟಿ, ದೇಹ ಹೊರಚೆಲ್ಲುವ ಶಾಖವನ್ನು ಅಳೆದರು. ಆಹಾರದ ಪೊಟ್ಟಣಗಳ ಮೇಲಿನ ಲೆಕ್ಕಕ್ಕೆ ಇಂದಿಗೂ ಆಧಾರವಾಗಿರುವ ಅಂಕಿಗಳು, ಅಂದರೆ ಗ್ರಾಂ ಒಂದಕ್ಕೆ ಶರ್ಕರಪಿಷ್ಟ ಮತ್ತು ಪ್ರೋಟೀನ್‌ಗೆ 4, ಕೊಬ್ಬಿಗೆ 9 ಕ್ಯಾಲೊರಿ, ಅವರ ಕೆಲಸದಿಂದ ಬಂದವು. ಪ್ರಯೋಗಾಲಯದ ಈ ಲೆಕ್ಕವನ್ನು ಅಡುಗೆಮನೆಗೆ ತಂದವರು ವೈದ್ಯೆ ಲುಲು ಹಂಟ್ ಪೀಟರ್ಸ್. 1918ರ ಅವರ ಪುಸ್ತಕ ಒಂದು ತುಂಡು ಬ್ರೆಡ್ ಎನ್ನದೆ 100 ಕ್ಯಾಲೊರಿ ಬ್ರೆಡ್ ಎನ್ನುವ ರೂಢಿ ಕಲಿಸಿತು. ಯಾವುದನ್ನು ತಿನ್ನಬೇಕು ಎಂಬುದಕ್ಕಿಂತ ಎಷ್ಟು ಎಂಬುದು ಮುಖ್ಯವಾಯಿತು.

ಹೊಟ್ಟೆ ಕಟ್ಟಿದರೆ ದೇಹ ಏನು ಮಾಡುತ್ತದೆಂಬುದನ್ನು ತೋರಿಸಿದ ಅಧ್ಯಯನ ತೂಕ ಇಳಿಸುವವರಿಗಾಗಿ ನಡೆದದ್ದಲ್ಲ. 1944–45ರಲ್ಲಿ, ಯುದ್ಧದಿಂದ ಹಸಿದವರ ಪೋಷಣೆಗೆ ದಾರಿ ಹುಡುಕಲು, ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ತೂಕದ ಕಾಲು ಭಾಗ ಹೋಯಿತು, ದೇಹ ಶಕ್ತಿ ವ್ಯಯಿಸುವುದನ್ನು ತಗ್ಗಿಸಿತು, ಊಟದ ಯೋಚನೆ ಬಿಟ್ಟರೆ ಬೇರೊಂದಿಲ್ಲದಾಯಿತು. ಮತ್ತೆ ಹೊಟ್ಟೆತುಂಬ ಉಂಡಾಗ ಮೈಯಲ್ಲಿ ಮೊದಲಿಗಿಂತ ಹೆಚ್ಚು ಕೊಬ್ಬು ಸೇರಿತು.

ಹಾರ್ವಿಯವರ ಪಥ್ಯ 1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಅವರ ಪುಸ್ತಕದ ಮೂಲಕ ಹೊಸ ವೇಷ ತೊಟ್ಟು ಬಂತು. ಶರ್ಕರಪಿಷ್ಟ ಬಿಟ್ಟ ಮೊದಲ ವಾರದಲ್ಲಿ ತೂಕ ಸರಸರನೆ ಇಳಿಯಲು ಮುಖ್ಯ ಕಾರಣ ನೀರು: ದೇಹ ಶರ್ಕರಪಿಷ್ಟದಿಂದ ಮಾಡಿ ಕೂಡಿಟ್ಟ ಗ್ಲೈಕೋಜನ್ ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟಿರುತ್ತದೆ, ಅದು ಖರ್ಚಾದಂತೆ ನೀರೂ ಹೋಗುತ್ತದೆ. ಅದೇ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿದ ದ್ರವಪ್ರೋಟೀನ್ ಪಥ್ಯ ಹೃದಯದ ಲಯ ಕೆಡಿಸಿ ಹಲವರ ಜೀವ ತೆಗೆಯಿತು.

ಪಥ್ಯಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ದೀರ್ಘಕಾಲ ಹೋಲಿಸಿ ನೋಡುವ ಪರೀಕ್ಷೆಗಳು ಹೆಚ್ಚಿದ್ದು ಈ ಶತಮಾನದಲ್ಲಿ. 2003ರ ಒಂದು ಅಧ್ಯಯನದಲ್ಲಿ ಅಟ್ಕಿನ್ಸ್ ಪಥ್ಯದವರು ಆರು ತಿಂಗಳಿಗೆ ಮುಂದಿದ್ದರು. ವರ್ಷ ತುಂಬುವಷ್ಟರಲ್ಲಿ ಗಣನೀಯ ಅಂತರ ಉಳಿಯಲಿಲ್ಲ. 2009ರಲ್ಲಿ 811 ಜನರ ಮೇಲೆ ಎರಡು ವರ್ಷ ಪರೀಕ್ಷಿಸಿದ ನಾಲ್ಕು ಪಥ್ಯಗಳೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರಿಸ್ಟೊಫರ್ ಗಾರ್ಡ್‌ನರ್ ತಂಡ 609 ಜನರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷಕ್ಕೆ ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಶರ್ಕರಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದರು. ಸರಾಸರಿಗಿಂತ ಕುತೂಹಲಕರವಾದದ್ದು ಒಳಗಿನ ಏರಿಳಿತ. ಎರಡೂ ಗುಂಪುಗಳಲ್ಲಿ 20 ಕಿಲೋಗೂ ಹೆಚ್ಚು ಇಳಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾರಿಗೆ ಯಾವ ಪಥ್ಯ ಒಗ್ಗುತ್ತದೆಂಬುದನ್ನು ವಂಶವಾಹಿಯ ನಮೂನೆಯಿಂದಲೋ ಇನ್ಸುಲಿನ್ ಸ್ರಾವದಿಂದಲೋ ಮುಂಚಿತವಾಗಿ ತಿಳಿಯಬಹುದೆಂಬ ನಿರೀಕ್ಷೆ ಆ ಅಧ್ಯಯನದಲ್ಲಿ ನಿಜವಾಗಲಿಲ್ಲ.